ಬಾಯಿ ಆರುವುದಕ್ಕೆ ಯಾವ ಮೂಲಿಕೆ? ಮೊದಲು ಗುಳಿಗೆಯ ಡಬ್ಬಿ ನೋಡಿ

ಪ್ರಶ್ನೆ: ನಾವು ಆಳಂದ ತಾಲ್ಲೂಕಿನ ಹಳ್ಳಿಯೊಂದರವರು. ನಮ್ಮ ಅತ್ತೆಯವರಿಗೆ 64 ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಕಳೆದ ಚಳಿಗಾಲದಿಂದ ಅವರ ಬಾಯಿ ಸದಾ ಆರುತ್ತಿದೆ. ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ರಾತ್ರಿ ಪದೇ ಪದೇ ಎದ್ದು ನೀರು ಕುಡಿಯುತ್ತಾರೆ. ಬಿ.ಪಿ.ಗೆ ಮೂತ್ರ ಹೋಗುವ ಗುಳಿಗೆ, ಅಂಗಾಲು ಉರಿಗೆ ಮಲಗುವಾಗ ಅಮಿಟ್ರಿಪ್ಟಿಲಿನ್, ಸೀನು ಬಂದಾಗಲೆಲ್ಲ ಮೆಡಿಕಲ್ ಅಂಗಡಿಯಿಂದ ತಂದ ನೆಗಡಿ ಗುಳಿಗೆ ನಡೆದಿವೆ. ಒಬ್ಬರು ಜೇಷ್ಠಮಧು ಚೀಪಲು ಹೇಳಿದರು, ಇನ್ನೊಬ್ಬರು ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸಲು ಹೇಳಿದರು, ನೆರೆಮನೆಯ ಹಿರಿಯರೊಬ್ಬರು ಬಾಯಲ್ಲಿ ಅಡಿಕೆ ಹೋಳು ಇಟ್ಟುಕೊಂಡರೆ ನೀರೂರುತ್ತದೆ ಎಂದರು. ಯಾವುದು ಸರಿ? ನನ್ನ ಅಣ್ಣನಿಗೂ ಎರಡು ವರ್ಷದ ಹಿಂದೆ ಬಾಯಿಯ ಕ್ಯಾನ್ಸರಿಗೆ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಿದ ಮೇಲೆ ಇದೇ ತೊಂದರೆ ಉಳಿದಿದೆ. ಇಬ್ಬರಿಗೂ ಒಂದೇ ಔಷಧ ನಡೆಯುತ್ತದೆಯೇ?

ಉತ್ತರ: ನಿಮಗೆ ಬಂದ ಮೂರು ಸಲಹೆಗಳಲ್ಲಿ ಜೇಷ್ಠಮಧು ನಿಮ್ಮ ಅತ್ತೆಯವರ ಬಿ.ಪಿ.ಗೆ ಅಪಾಯಕಾರಿ, ತ್ರಿಫಲಾ ಕಷಾಯ ಬಾಯಿಯನ್ನು ಇನ್ನಷ್ಟು ಒಣಗಿಸುವ ಸಂಭವವೇ ಹೆಚ್ಚು, ಅಡಿಕೆಯನ್ನಂತೂ ಯಾರಿಗೂ ಹೇಳಬಾರದು. ಅವರಿಗೆ ಹೊಂದುವ ಮೂಲಿಕೆ ಬಹುಶಃ ನಿಮ್ಮ ಅಡುಗೆಮನೆಯಲ್ಲೇ ಇದೆ. ಅದು ಹಿಂಡಿಗೆ ಬಳಸುವ ಅಗಸಿ. ಅದನ್ನು ಬಳಸುವ ಬಗೆಯನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಆದರೆ ನೀವು ಬರೆದ ಗುಳಿಗೆಗಳ ಹೆಸರು ಓದಿದ ಮೇಲೆ, ಮೂಲಿಕೆಯ ಮಾತಿಗೆ ಮುಂಚೆ ಅವುಗಳ ಮಾತು ಆಡಲೇಬೇಕಾಗಿದೆ.

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಲಾಲಾರಸ ಸ್ರವಿಸುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಇರುವ ಮೂರು ಜೋಡಿ ದೊಡ್ಡ ಗ್ರಂಥಿಗಳು ಮತ್ತು ತುಟಿ, ಕೆನ್ನೆ, ಅಂಗುಳಗಳ ಒಳಪದರದಲ್ಲಿ ಹರಡಿರುವ ನೂರಾರು ಸಣ್ಣ ಗ್ರಂಥಿಗಳು ಸೇರಿ ಈ ಕೆಲಸ ಮಾಡುತ್ತವೆ. ಈ ರಸದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ ಆದರೂ ಉಳಿದ ಒಂದು ಪಾಲಿನಲ್ಲಿ ಬಾಯಿಯ ಒಳಪದರಕ್ಕೆ ಜಾರುತನ ಕೊಡುವ ಲೋಳೆ, ಹುಳಿಯನ್ನು ತಣಿಸುವ ಬೈಕಾರ್ಬನೇಟ್, ಹಲ್ಲಿನ ಮೇಲ್ಪದರವನ್ನು ದುರಸ್ತಿ ಮಾಡುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್, ಸೂಕ್ಷ್ಮಾಣುಗಳನ್ನು ಹದ್ದಿನಲ್ಲಿಡುವ ಪ್ರೋಟೀನುಗಳು ಇರುತ್ತವೆ. ಬಾಯಿ ಆರಿದವರು ಎಷ್ಟು ನೀರು ಕುಡಿದರೂ ಹತ್ತೇ ನಿಮಿಷದಲ್ಲಿ ಮತ್ತೆ ಅಂಟಂಟು ಎನಿಸುವುದು ಇದೇ ಕಾರಣಕ್ಕೆ: ನೀರು ಒದ್ದೆ ಮಾಡುತ್ತದೆಯೇ ಹೊರತು ಲೋಳೆಯ ಕೆಲಸ ಮಾಡುವುದಿಲ್ಲ. ನಿದ್ದೆಯಲ್ಲಿ ಗ್ರಂಥಿಗಳ ಸ್ರಾವ ಎಲ್ಲರಲ್ಲೂ ತೀರ ಕಡಿಮೆಯಾಗುತ್ತದೆ. ಮೂಗು ಕಟ್ಟಿ ಬಾಯಿಂದ ಉಸಿರಾಡುವವರಿಗೆ ಇದರ ಬಾಧೆ ಇನ್ನೂ ಹೆಚ್ಚು.

ನಿಮ್ಮ ಅತ್ತೆಯವರ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು, ಅವರಿಗಿರುವುದು ಬಾಯಾರಿಕೆಯೋ ಬಾಯಿ ಒಣಗುವಿಕೆಯೋ ಎಂಬುದು. ರಕ್ತದಲ್ಲಿ ಸಕ್ಕರೆಯ ಅಂಶ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಅದು ಮೂತ್ರದಲ್ಲಿ ಇಳಿಯತೊಡಗುತ್ತದೆ, ಇಳಿಯುವಾಗ ದೇಹದ ನೀರನ್ನೂ ಸೆಳೆದುಕೊಂಡು ಹೋಗುತ್ತದೆ. ಆಗ ರಾತ್ರಿ ಎದ್ದು ಮೂತ್ರಕ್ಕೆ ಹೋಗುವುದು, ಬಂದು ತಂಬಿಗೆ ನೀರು ಕುಡಿಯುವುದು ಎರಡೂ ಕೂಡಿಯೇ ನಡೆಯುತ್ತವೆ. ಅಂಥವರಿಗೆ ಸಕ್ಕರೆ ಹತೋಟಿಗೆ ಬಾರದ ಹೊರತು ಯಾವ ಬೇರು, ಯಾವ ಬೀಜದಿಂದಲೂ ಪ್ರಯೋಜನವಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ, ಊಟದ ನಂತರದ ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗಳನ್ನು ಈ ವಾರವೇ ಮಾಡಿಸಿ. ಆದರೆ ಅವರಿಗೆ ರೊಟ್ಟಿ ಇಳಿಯುವುದಿಲ್ಲ ಎಂದು ನೀವು ಬರೆದಿರುವುದು ಲಾಲಾರಸವೇ ಕಡಿಮೆಯಾಗಿರುವುದರ ಗುರುತು. ನಮ್ಮ ಭಾಗದಲ್ಲಿ ಇದನ್ನು ಪತ್ತೆ ಮಾಡುವುದು ಸುಲಭ, ಏಕೆಂದರೆ ಕಟಕ ರೊಟ್ಟಿಯ ಚೂರೊಂದನ್ನು ನೀರಿಲ್ಲದೆ ಅಗಿದು ನುಂಗಲು ಆಗುವುದೇ ಎಂದು ಕೇಳಿದರೆ ಸಾಕು. ವೈದ್ಯರು ಬಿಸ್ಕತ್ತು ಕೊಟ್ಟು ಕೇಳುವ ಪ್ರಶ್ನೆಯೂ ಇದೇ. ಎರಡೂ ತೊಂದರೆಗಳು ಒಬ್ಬರಲ್ಲೇ ಇರಬಹುದು, ನಿಮ್ಮ ಅತ್ತೆಯವರಲ್ಲಿ ಹಾಗೆಯೇ ಇರುವಂತೆ ಕಾಣುತ್ತದೆ.

ಈಗ ಗುಳಿಗೆಗಳ ಮಾತು. ಲಾಲಾಗ್ರಂಥಿಗೆ ಸ್ರವಿಸಲು ಅಪ್ಪಣೆ ಕೊಡುವುದು ನರದ ತುದಿಯಿಂದ ಬರುವ ಅಸಿಟೈಲ್‌ಕೋಲಿನ್ ಎಂಬ ವಸ್ತು. ಅಂಗಾಲು ಉರಿಗೆ ಅವರು ರಾತ್ರಿ ತೆಗೆದುಕೊಳ್ಳುವ ಅಮಿಟ್ರಿಪ್ಟಿಲಿನ್ ಆ ಅಪ್ಪಣೆಯನ್ನೇ ತಡೆಯುತ್ತದೆ. ಗ್ರಂಥಿಗಳು ಹೇಗೂ ಮಂದವಾಗಿರುವ ರಾತ್ರಿಯ ಹೊತ್ತಿಗೇ ಅದರ ಪ್ರಭಾವ ಜೋರಾಗಿರುತ್ತದೆ. ನೆಗಡಿ ಗುಳಿಗೆಗಳಲ್ಲಿ ಕ್ಲೋರ್‌ಫೆನಿರಮಿನ್ ಇರುವ ಹಳೆಯ ಬಗೆಯವು ಹೀಗೆಯೇ ಮಾಡುತ್ತವೆ. ಸೆಟಿರಿಜಿನ್ ಅಷ್ಟು ತೀವ್ರವಲ್ಲದಿದ್ದರೂ ಕೆಲವರಿಗೆ ಬಾಯಿ ಆರಿಸುತ್ತದೆ. ಬಿ.ಪಿ.ಗೆಂದು ಕೊಡುವ ಮೂತ್ರಲ ಗುಳಿಗೆ ದೇಹದ ನೀರನ್ನು ತಗ್ಗಿಸುತ್ತದೆ. ಒಂದೊಂದೇ ಆದರೆ ತಾಳಿಕೊಳ್ಳಬಹುದಾದ ಈ ಮೂರು ಒಟ್ಟಿಗೆ ಸೇರಿವೆ. ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಇವೂ ಇದೇ ಗುಂಪಿನವು ಎಂಬುದನ್ನು ಇತರ ಓದುಗರು ಗಮನಿಸಬೇಕು. ಬಿ.ಪಿ. ಗುಳಿಗೆಯನ್ನಾಗಲಿ ಅಮಿಟ್ರಿಪ್ಟಿಲಿನ್ ಅನ್ನಾಗಲಿ ನೀವಾಗಿಯೇ ನಿಲ್ಲಿಸಬೇಡಿ. ಅಂಗಾಲು ಉರಿಗೆ ಬಾಯಿಯನ್ನು ಅಷ್ಟಾಗಿ ಒಣಗಿಸದ ಬೇರೆ ಗುಳಿಗೆಗಳಿವೆ, ಪ್ರಮಾಣ ತಗ್ಗಿಸಲೂ ಬರುತ್ತದೆ. ಎಲ್ಲ ಗುಳಿಗೆಗಳನ್ನು ಡಬ್ಬಿಯ ಸಮೇತ ವೈದ್ಯರ ಮುಂದಿಟ್ಟು ಕೇಳಿ. ಚೀಟಿಯಿಲ್ಲದೆ ತಂದ ನೆಗಡಿ ಗುಳಿಗೆಯನ್ನು ಮಾತ್ರ ಈಗಲೇ ಬಿಟ್ಟುಬಿಡಬಹುದು.

ಗುಳಿಗೆಗಳಷ್ಟೇ ಅಲ್ಲ, ಕೆಲವು ಮೂಲಿಕೆಗಳೂ ಬಾಯಿ ಆರಿಸುತ್ತವೆ. ದಮ್ಮಿಗೆಂದು ಉಮ್ಮತ್ತಿಯ ಎಲೆಯ ಹೊಗೆ ಸೇದುವ ರೂಢಿ ಹಳ್ಳಿಗಳಲ್ಲಿ ಪೂರ್ತಿ ಹೋಗಿಲ್ಲ. ನಿದ್ದೆಗೆ, ಹೊಟ್ಟೆನೋವಿಗೆ ಕೊಡುವ ಕೆಲವು ನಾಟಿ ಚೂರ್ಣಗಳಲ್ಲಿ ಖುರಾಸಾನಿ ಓಮ ಸೇರಿರುತ್ತದೆ. ಈ ಎರಡರಲ್ಲೂ ಇರುವ ಹಯೋಸಯಮಿನ್, ಸ್ಕೊಪೊಲಮಿನ್‌ಗಳು ಲಾಲಾಗ್ರಂಥಿಯನ್ನು ನೇರವಾಗಿ ಸ್ತಬ್ಧಗೊಳಿಸುತ್ತವೆ. ಅತ್ತೆಯವರು ಅಂಥ ಚೂರ್ಣವೇನಾದರೂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಬ್ಬಿಯಲ್ಲಿ ಸೇರಿಸಿ ವೈದ್ಯರಿಗೆ ತೋರಿಸಿ.

ಮೂಲಿಕೆಗಳನ್ನು ಆರಿಸುವಾಗ ಹೆಸರಿಗಿಂತ ಅವು ಮಾಡುವ ಕೆಲಸವನ್ನು ನೋಡಬೇಕು. ಕೆಲವು ಸಸ್ಯಗಳು ಲೋಳೆ ಕೊಟ್ಟು ಬಾಯಿಯ ಒಳಪದರವನ್ನು ಹೊದಿಸುತ್ತವೆ. ಗ್ರಂಥಿ ಕೆಲಸ ಮಾಡಲಿ ಬಿಡಲಿ ಅವುಗಳಿಂದ ಉಪಯೋಗವಿದೆ. ಮತ್ತೆ ಕೆಲವು ಹುಳಿ, ಖಾರ, ಸುವಾಸನೆಗಳಿಂದ ಗ್ರಂಥಿಯನ್ನು ಕೆಣಕಿ ರಸ ಬರಿಸುತ್ತವೆ. ಗ್ರಂಥಿಯಲ್ಲಿ ಜೀವವಿದ್ದರೆ ಮಾತ್ರ ಇವು ಫಲಿಸುತ್ತವೆ. ನಿಮ್ಮ ಅತ್ತೆಯವರ ಗ್ರಂಥಿಗಳು ಗುಳಿಗೆಗಳಿಂದ ಮಂಕಾಗಿರಬಹುದೇ ಹೊರತು ಸತ್ತಿರಲಿಕ್ಕಿಲ್ಲ, ಹಾಗಾಗಿ ಎರಡೂ ಬಗೆಯವು ಅವರಿಗೆ ನಡೆಯುತ್ತವೆ. ನಿಮ್ಮ ಅಣ್ಣನವರ ಸ್ಥಿತಿ ಬೇರೆ.

ಅಗಸಿಯನ್ನು ನಾನು ಮೊದಲಿಗೆ ಹೆಸರಿಸಲು ಕಾರಣವಿದೆ. ಬೀಜದ ಸಿಪ್ಪೆಯಲ್ಲಿರುವ ಲೋಳೆಯು ನೀರಿನಲ್ಲಿ ಬಿಟ್ಟುಕೊಂಡಾಗ ಅದರ ಸ್ನಿಗ್ಧತೆ ಲಾಲಾರಸಕ್ಕೆ ಬಹಳ ಹತ್ತಿರವಾಗಿರುತ್ತದೆ. ಸ್ವೀಡನ್ನಿನಲ್ಲಿ ಇದೇ ಲೋಳೆಯಿಂದ ಕೃತಕ ಲಾಲಾರಸ ತಯಾರಿಸಿ, ಗ್ರಂಥಿಗಳು ಕುಗ್ಗಿದ ರೋಗಿಗಳಲ್ಲಿ ಪರೀಕ್ಷಿಸಿ, ಮಾರಾಟಕ್ಕೂ ತಂದಿದ್ದಾರೆ. ಅಧ್ಯಯನಗಳು ಸಣ್ಣವಾದರೂ ಬಾಯಿ ಉರಿ, ನುಂಗುವ ಕಷ್ಟ, ಮಾತನಾಡುವ ಕಷ್ಟ ಇವು ತಗ್ಗಿದ್ದನ್ನು ತೋರಿಸಿವೆ. ಅಗಸಿ ಬೆಳೆಯುವ, ಅಗಸಿ ಹಿಂಡಿ ಇಲ್ಲದೆ ಊಟಕ್ಕೆ ಕೂಡದ ನಮ್ಮ ಸೀಮೆಯಲ್ಲಿ ಇದನ್ನು ಹೊರಗಿನಿಂದ ತರಿಸಬೇಕಿಲ್ಲ. ಆದರೆ ಹುರಿದು ಕುಟ್ಟಿದ ಹಿಂಡಿ ಈ ಕೆಲಸಕ್ಕೆ ಬಾರದು. ಅದು ಒಣ ಪುಡಿಯಾಗಿ ನಾಲಿಗೆಗೆ ಅಂಟಿ, ಖಾರದಿಂದ ಉರಿ ಹೆಚ್ಚಿಸುತ್ತದೆ. ಅಗಸಿ ಎಣ್ಣೆಯಲ್ಲಿಯೂ ಲೋಳೆ ಇರುವುದಿಲ್ಲ.

ಮಾಡುವ ಕ್ರಮ ಹೀಗೆ: ಹಸನು ಮಾಡಿ ತೊಳೆದ ಇಡೀ ಅಗಸಿ ಎರಡು ದೊಡ್ಡ ಚಮಚ, ಅಂದರೆ ಸುಮಾರು 20 ಗ್ರಾಂ ತೆಗೆದುಕೊಂಡು, ಮುಕ್ಕಾಲು ಲೀಟರ್ ನೀರಿನಲ್ಲಿ ಒಂದೆರಡು ಗಂಟೆ ನೆನೆಯಿಟ್ಟು, ಅದೇ ನೀರಿನಲ್ಲಿ ಸಣ್ಣ ಉರಿಯ ಮೇಲೆ ಹತ್ತು ಹದಿನೈದು ನಿಮಿಷ ಕುದಿಸಬೇಕು. ಬಿಸಿಯಿರುವಾಗಲೇ ಸೋಸಿಬಿಡಬೇಕು, ಆರಿದರೆ ಲೋಳೆ ಗಟ್ಟಿಯಾಗಿ ಬಟ್ಟೆಯಲ್ಲಿ ಇಳಿಯುವುದಿಲ್ಲ. ಬೀಜಗಳನ್ನು ಒಡೆಯಬಾರದು, ಒಡೆದರೆ ಎಣ್ಣೆ ಬಿಟ್ಟು ಬೇಗ ಕಮಟು ಹಿಡಿಯುತ್ತದೆ. ಸೋಸಿದ ಲೋಳೆಯನ್ನು ಸ್ವಚ್ಛ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಇರುತ್ತದೆ. ಫ್ರಿಜ್ಜಿಲ್ಲದ ಮನೆಯಲ್ಲಿ ಏಪ್ರಿಲ್‌–ಮೇ ತಿಂಗಳ ನಮ್ಮ ಬಿಸಿಲಿಗೆ ಅರ್ಧ ದಿನದಲ್ಲಿ ಹುಳಿಯುವುದರಿಂದ ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ಲೇಸು. ಸಕ್ಕರೆ, ಬೆಲ್ಲ, ಜೇನು ಏನನ್ನೂ ಹಾಕಬಾರದು. ಒಂದು ಚಮಚದಷ್ಟನ್ನು ಬಾಯಿಗೆ ಹಾಕಿಕೊಂಡು, ಕೆನ್ನೆ, ನಾಲಿಗೆಯ ಅಡಿ, ಅಂಗುಳ ಎಲ್ಲ ಕಡೆ ಒಂದು ನಿಮಿಷ ಆಡಿಸಿ ಉಗುಳಿದರೆ ಸಾಕು. ಊಟಕ್ಕೆ ಕೂಡುವ ಮುಂಚೆ, ಮಲಗುವಾಗ, ರಾತ್ರಿ ಎಚ್ಚರವಾದಾಗ ಬಳಸಲಿ. ನುಂಗಿದರೆ ತಪ್ಪೇನಿಲ್ಲ, ಆದರೆ ಲೋಳೆಯು ಗುಳಿಗೆಗಳು ರಕ್ತಕ್ಕೆ ಸೇರುವುದನ್ನು ತಡಮಾಡಬಹುದಾದ್ದರಿಂದ ಗುಳಿಗೆ ನುಂಗುವ ಹೊತ್ತಿಗೂ ಇದಕ್ಕೂ ಒಂದೆರಡು ಗಂಟೆ ಅಂತರವಿರಲಿ.

ಇದೇ ಜಾತಿಯ ಇನ್ನೂ ಕೆಲವು ಬೀಜಗಳಿವೆ. ರಂಜಾನಿನ ದಿನಗಳಲ್ಲಿ ಕಲಬುರಗಿ, ಬೀದರಿನ ಅಂಗಡಿಗಳಲ್ಲಿ ಶರಬತ್ತಿಗೆಂದು ರಾಶಿ ಹಾಕುವ ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜ, ನೀರಿನಲ್ಲಿ ಪೂರ್ತಿ ಉಬ್ಬಿದ ಮೇಲೆ ಬಾಯಿಗೆ ತಂಪು, ನುಂಗಲು ಸುಲಭ. ಸಕ್ಕರೆ ಕಾಯಿಲೆಯವರಿಗೆ ಶರಬತ್ತಿನ ಬದಲು ಬರಿಯ ನೀರಿನಲ್ಲಿ ಅಥವಾ ತಿಳಿ ಮಜ್ಜಿಗೆಯಲ್ಲಿ ಹಾಕಿ ಕೊಡಿ. ಬೀದರಿನ ಯುನಾನಿ ಹಕೀಮರು ಒಣ ಗಂಟಲಿಗೆ ಕೊಡುವ ಬಿಹಿದಾನ, ಅಂದರೆ ಕ್ವಿನ್ಸ್ ಹಣ್ಣಿನ ಬೀಜ, ಅದೂ ಲೋಳೆಯ ಬೀಜವೇ. ಅದನ್ನು ಇಡಿಯಾಗಿ ನೆನೆಸಿ ಲೋಳೆ ತೆಗೆದು ಬೀಜವನ್ನು ಎಸೆಯಬೇಕು, ಜಜ್ಜಬಾರದು, ಏಕೆಂದರೆ ಒಳಗಿನ ತಿರುಳಿನಲ್ಲಿ ಸಯನೈಡ್ ಬಿಡುವ ಅಂಶವಿದೆ. ಇಸಬಗೋಲನ್ನು ಮಾತ್ರ ಬಾಯಿ ಆರಿದವರಿಗೆ ನಾನು ಹೇಳುವುದಿಲ್ಲ. ನುಂಗಲು ಕಷ್ಟವಿರುವವರು ಕಡಿಮೆ ನೀರಿನಲ್ಲಿ ಅದನ್ನು ತೆಗೆದುಕೊಂಡರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ಸಬ್ಜಾವನ್ನು ಒಣಗಿದ್ದಾಗ ನುಂಗಿದರೂ ಇದೇ ಅಪಾಯ. ಲೋಳೆಸರದ ತಿರುಳು ಬಾಯಿಗೆ ಹಚ್ಚಲು ಒಳ್ಳೆಯದು, ಆದರೆ ಎಲೆ ಕೊಯ್ದಾಗ ಸಿಪ್ಪೆಯಡಿಯಿಂದ ಇಳಿಯುವ ಹಳದಿ ಹಾಲು ಭೇದಿ ಮಾಡಿಸುವಂಥದು. ಎಲೆಯನ್ನು ನಿಲ್ಲಿಸಿ ಹಾಲೆಲ್ಲ ಬಸಿದ ಮೇಲೆ, ತಿರುಳನ್ನು ಚೆನ್ನಾಗಿ ತೊಳೆದೇ ಬಳಸಬೇಕು.

ರಸ ಬರಿಸುವ ಮೂಲಿಕೆಗಳಲ್ಲಿ ಸುರಕ್ಷಿತವಾದವು ಯಾಲಕ್ಕಿ ಮತ್ತು ಬಡೆಸೋಪು. ಊಟದ ನಂತರ ನಾಲ್ಕು ಕಾಳು ಬಡೆಸೋಪು ಅಥವಾ ಅರ್ಧ ಯಾಲಕ್ಕಿಯನ್ನು ನಿಧಾನವಾಗಿ ಅಗಿಯುವುದರಿಂದ ಸುವಾಸನೆ ಮತ್ತು ಅಗಿಯುವ ಕ್ರಿಯೆ ಎರಡೂ ಗ್ರಂಥಿಯನ್ನು ಎಚ್ಚರಿಸುತ್ತವೆ. ಹೋಟೆಲುಗಳಲ್ಲಿ ಇಟ್ಟಿರುವ ಬಣ್ಣದ ಸಕ್ಕರೆ ಲೇಪಿಸಿದ ಬಡೆಸೋಪು ಬೇಡ. ಹಸಿ ಶುಂಠಿಯು ಲಾಲಾರಸ ಹೆಚ್ಚಿಸುತ್ತದೆಂದು ಸಕ್ಕರೆ ಕಾಯಿಲೆಯವರಲ್ಲಿ ನಡೆದ ಸಣ್ಣ ಅಧ್ಯಯನಗಳು ತೋರಿಸಿವೆ. ಗೋದಿಕಾಳಿನಷ್ಟು ಚೂರನ್ನು ಊಟಕ್ಕೆ ಮುಂಚೆ ಅಗಿಯಬಹುದು, ಆದರೆ ಬಾಯಲ್ಲಿ ಹುಣ್ಣಿದ್ದರೆ ಅದು ಉರಿಸುತ್ತದೆ, ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಶುಂಠಿಯನ್ನು ಔಷಧದ ಪ್ರಮಾಣದಲ್ಲಿ ಬಳಸಬಾರದು. ಹಲ್ಲುನೋವಿಗೆ ಕೊಡುವ ಅಕ್ಕಲಕರೆಯ ಬೇರು ಬಾಯಿಯನ್ನು ಜುಮುಗುಡಿಸಿ ಧಾರೆಯಾಗಿ ನೀರೂರಿಸುತ್ತದೆ ನಿಜ, ಆದರೂ ಒಣಗಿ ತೆಳುವಾದ ಒಳಪದರಕ್ಕೆ ಅದು ಬಲು ತೀಕ್ಷ್ಣ. ಅತ್ತೆಯವರ ವಯಸ್ಸಿನವರಿಗೆ ಅದನ್ನು ನಾನು ಕೊಡುವುದಿಲ್ಲ.

ನೆಲ್ಲಿಕಾಯಿ, ನಿಂಬೆ, ಹುಣಸೆಗಳ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಹುಳಿಯಷ್ಟು ಬೇಗ ಬಾಯಲ್ಲಿ ನೀರು ತರಿಸುವುದು ಬೇರೊಂದಿಲ್ಲ. ಆದರೆ ಬಾಯಿಯ ಆಮ್ಲೀಯತೆ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮೆಲ್ ಕರಗತೊಡಗುತ್ತದೆ, ಅದನ್ನು ತಡೆಯಬೇಕಾದ ಲಾಲಾರಸವೇ ಇವರಲ್ಲಿ ಕಡಿಮೆ. ಆದ್ದರಿಂದ ನಿಂಬೆ ಹೋಳನ್ನೋ ಒಣ ನೆಲ್ಲಿ ಚೂರನ್ನೋ ಹೊತ್ತುಗಟ್ಟಲೆ ದವಡೆಯಲ್ಲಿ ಇಟ್ಟುಕೊಳ್ಳುವುದು ಹಲ್ಲಿಗೆ ಕೆಡುಕು. ಊಟದ ಜೊತೆ ಹುಳಿ ಇರಲಿ. ಪುಂಡಿ ಪಲ್ಲೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಖಾರ ಮಾತ್ರ ತಗ್ಗಿಸಿ. ಊಟ ಮುಗಿದ ಕೂಡಲೇ ಬಾಯಿ ಮುಕ್ಕಳಿಸಿ, ಹುಳಿ ತಿಂದ ಅರ್ಧ ಗಂಟೆಯವರೆಗೆ ಹಲ್ಲುಜ್ಜಬಾರದು.

ಇನ್ನು ಜೇಷ್ಠಮಧು. ಇದು ಒಳ್ಳೆಯ ಮೂಲಿಕೆಯೇ. ಗಂಟಲಿನ ಕೆರೆತಕ್ಕೆ ಎರಡು ಮೂರು ದಿನ ಚೀಪಿದರೆ ಆರೋಗ್ಯವಂತರಿಗೆ ತೊಂದರೆಯಿಲ್ಲ. ಆದರೆ ಇದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್, ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಪರಿಣಾಮವಾಗಿ ದೇಹವು ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಅನ್ನು ಕಳೆದುಕೊಳ್ಳುತ್ತದೆ, ಬಿ.ಪಿ. ಏರುತ್ತದೆ, ಕಾಲು ಊದಿಕೊಳ್ಳುತ್ತವೆ, ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತ ತಪ್ಪುವುದೂ ಉಂಟು. ನಿಮ್ಮ ಅತ್ತೆಯವರು ತೆಗೆದುಕೊಳ್ಳುವ ಮೂತ್ರಲ ಗುಳಿಗೆಗಳಲ್ಲಿ ಹಲವು ತಾವೇ ಪೊಟ್ಯಾಸಿಯಂ ತಗ್ಗಿಸುವಂಥವು. ಅದರ ಮೇಲೆ ಜೇಷ್ಠಮಧು ಕೂಡಿದರೆ ಹಾನಿ ಇಮ್ಮಡಿ. ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಮೀರಬಾರದೆಂದು ಯುರೋಪಿನ ಆಹಾರ ತಜ್ಞರ ಸಮಿತಿ ಮಿತಿ ಹಾಕಿದೆ. ಬೇರಿನಲ್ಲಿ ಇದರ ಅಂಶ ನೂರಕ್ಕೆ ಐದು ಎಂದು ಹಿಡಿದರೂ ಎರಡೇ ಗ್ರಾಂ ಬೇರಿನಲ್ಲಿ ಆ ಮಿತಿ ಮುಟ್ಟುತ್ತದೆ, ಬಾಯಿ ಆರಿದವರು ದಿನವಿಡೀ ಚೀಪುವ ಕಡ್ಡಿ ಅದಕ್ಕಿಂತ ದೊಡ್ಡದು. ಬಿ.ಪಿ., ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು ಇದರಿಂದ ದೂರವಿರಬೇಕು. ಕೆಮ್ಮಿನ ಹಲವು ಗಿಡಮೂಲಿಕೆ ಸಿರಪ್ಪುಗಳಲ್ಲಿ, ಚಪ್ಪರಿಸುವ ಗುಳಿಗೆಗಳಲ್ಲಿ ಇದು ಯಷ್ಟಿಮಧು ಅಥವಾ ಮುಲೇಠಿ ಎಂಬ ಹೆಸರಿನಲ್ಲಿ ಇರುತ್ತದೆ, ಲೇಬಲ್ ಓದಿ ಕೊಳ್ಳಿ.

ತ್ರಿಫಲಾ ಕಷಾಯದಿಂದ ಮುಕ್ಕಳಿಸುವುದು ವಸಡು ಊದಿ ರಕ್ತ ಬರುವವರಿಗೆ ಹೇಳುವ ಉಪಚಾರ. ಅದರಲ್ಲಿ ಅಳಲೆ, ತಾರೆ, ನೆಲ್ಲಿಗಳ ಒಗರು ತುಂಬಿದೆ. ಒಗರಿನ ಟ್ಯಾನಿನ್ ಲಾಲಾರಸದ ಪ್ರೋಟೀನುಗಳನ್ನು ಹಿಡಿದು ಗರಣೆಗಟ್ಟಿಸಿ, ಉಳಿದಿದ್ದ ಜಾರುತನವನ್ನೂ ಕಿತ್ತುಕೊಳ್ಳುತ್ತದೆ. ಜಾಲಿ ತೊಗಟೆ, ಪೇರಲ ಎಲೆ, ಕಡು ಚಹಾ ಎಲ್ಲವೂ ಇದೇ ಸಾಲಿನವು. ನಮ್ಮಲ್ಲಿ ಹೊತ್ತು ಹೊತ್ತಿಗೆ ಕುಡಿಯುವ ಗಟ್ಟಿ ಚಹಾದ ಪಾಲು ಈ ತೊಂದರೆಯಲ್ಲಿ ಎಷ್ಟಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಅಂಗಡಿಯ ಘಾಟು ಮೌತ್‌ವಾಶ್‌ಗಳಲ್ಲಿ ಆಲ್ಕೋಹಾಲ್ ಇದ್ದರೆ ಅವೂ ಬೇಡ.

ಅಡಿಕೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆ ಹಿರಿಯರು ಹೇಳಿದ್ದು ಕಣ್ಣಿಗೆ ಕಾಣುವ ಮಟ್ಟಿಗೆ ನಿಜವೇ. ಅಡಿಕೆಯಲ್ಲಿರುವ ಅರೆಕೊಲಿನ್, ಅಸಿಟೈಲ್‌ಕೋಲಿನ್‌ನಂತೆಯೇ ವರ್ತಿಸಿ ಲಾಲಾಗ್ರಂಥಿಯನ್ನು ಪ್ರಚೋದಿಸುತ್ತದೆ. ಬಾಯಲ್ಲಿ ಇಟ್ಟುಕೊಂಡವರಿಗೆ ಕೂಡಲೇ ನೀರೂರಿ ಹಿತವೆನಿಸುತ್ತದೆ. ಅದೇ ಅರೆಕೊಲಿನ್ ಕೆನ್ನೆಯ ಒಳಪದರದಲ್ಲಿ ನಾರಿನ ಅಂಶವನ್ನು ಬೆಳೆಸಿ, ಕ್ರಮೇಣ ಬಾಯಿ ತೆರೆಯಲಾಗದ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ ದಾರಿ ಮಾಡುತ್ತದೆ. ಆ ಕಾಯಿಲೆಯಲ್ಲಿ ಬಾಯಿ ಉರಿಯುವುದೂ ಒಣಗುವುದೂ ಮುಖ್ಯ ಬಾಧೆಗಳು, ಅದನ್ನು ತಣಿಸಲು ಮತ್ತೆ ಅಡಿಕೆ. ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ವರ್ಗೀಕರಿಸಿದೆ. ಬಾಯಿಯ ಕ್ಯಾನ್ಸರ್ ಕಂಡ ಮನೆ ನಿಮ್ಮದು. ಈ ಸಲಹೆಯನ್ನು ಅಲ್ಲಿಗೇ ಬಿಟ್ಟುಬಿಡಿ. ವೀಳ್ಯದೆಲೆಯ ಅರ್ಧ ಭಾಗವನ್ನು ಸುಣ್ಣ, ಅಡಿಕೆ, ತಂಬಾಕು ಯಾವುದೂ ಇಲ್ಲದೆ ಅಗಿದು ಉಗುಳಲು ಅಡ್ಡಿಯಿಲ್ಲ. ಎಲೆ ಹಾಕುವ ಚಟ ಮೊದಲಿದ್ದವರಿಗೆ ಮಾತ್ರ ಅದನ್ನೂ ನಾನು ಹೇಳುವುದಿಲ್ಲ, ಎಲೆಯ ಹಿಂದೆಯೇ ಅಡಿಕೆ ಬರುತ್ತದೆ.

ಬಾಯಿಗೆ ಎಣ್ಣೆ ಹಿಡಿಯುವ ಕ್ರಮವನ್ನು ನೀವು ಕೇಳಿಲ್ಲ, ಆದರೆ ಅದು ಈ ತೊಂದರೆಗೆ ಹೊಂದುವಂಥದು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ತೈಲಗಂಡೂಷದ ಗುಣಗಳನ್ನು ಹೇಳುವಾಗ ಗಂಟಲು ಒಣಗದಿರುವುದು, ತುಟಿ ಒಡೆಯದಿರುವುದು ಎರಡನ್ನೂ ಹೆಸರಿಸುತ್ತದೆ. ಎಳ್ಳೆಣ್ಣೆ ಅದಕ್ಕೆ ಶಾಸ್ತ್ರೋಕ್ತ. ಒಂದು ಚಮಚ ಎಣ್ಣೆಯನ್ನು ಬೆಳಿಗ್ಗೆ ಐದು ನಿಮಿಷ ಬಾಯಲ್ಲಿ ಆಡಿಸಿ ಉಗುಳಿದರೆ ಒಳಪದರದ ಮೇಲೆ ತೆಳು ಲೇಪ ಉಳಿಯುತ್ತದೆ. ಕೂಡಿಟ್ಟುಕೊಂಡು ಮಲಗಬಾರದು, ನುಂಗಬಾರದು. ಪಾರ್ಶ್ವವಾಯು ಆದವರಿಗೆ, ನುಂಗುವಾಗ ಕೆಮ್ಮು ಬರುವ ವೃದ್ಧರಿಗೆ ಇದು ಸಲ್ಲದು, ಏಕೆಂದರೆ ಎಣ್ಣೆ ಶ್ವಾಸಕೋಶಕ್ಕೆ ಜಾರಿದರೆ ನ್ಯುಮೋನಿಯಾ ಆಗುತ್ತದೆ. ರಾತ್ರಿ ತುಟಿಗೆ ಮತ್ತು ನಾಲಿಗೆಯ ತುದಿಗೆ ಎರಡು ಹನಿ ಎಳ್ಳೆಣ್ಣೆ ಸವರಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಊಟದ ಮಟ್ಟಿಗೆ, ಒಣ ರೊಟ್ಟಿಯ ಬದಲು ಬಿಸಿ ರೊಟ್ಟಿಯನ್ನು ತೊಗರಿಬೇಳೆ ಸಾರಿನಲ್ಲಿ ಮುರಿದು ನೆನೆಸಿ ಕೊಡಿ, ಇಲ್ಲವೇ ಜೋಳದ ನುಚ್ಚು, ಅಂಬಲಿ ಮಾಡಿ. ಮಜ್ಜಿಗೆಗೆ ಉಪ್ಪು ಬೇಡ, ಜೀರಿಗೆ ಪುಡಿ ಸಾಕು. ನೀರನ್ನು ತಂಬಿಗೆಗಟ್ಟಲೆ ಒಮ್ಮೆಗೇ ಕುಡಿಯುವುದರಿಂದ ರಾತ್ರಿ ಮೂತ್ರಕ್ಕೆ ಏಳುವುದು ಹೆಚ್ಚುತ್ತದೆಯೇ ಹೊರತು ಬಾಯಿ ಒದ್ದೆ ಉಳಿಯುವುದಿಲ್ಲ. ಗುಟುಕು ಗುಟುಕಾಗಿ ಕುಡಿದು, ನುಂಗುವ ಮುನ್ನ ಬಾಯಲ್ಲಿ ಆಡಿಸಲಿ. ಬೇಸಿಗೆಯ ಒಣಗಾಳಿಯಲ್ಲಿ ಫ್ಯಾನಿಗಿಂತ ನೀರಿನ ಕೂಲರ್ ಮೇಲು, ಅದು ಕೋಣೆಗೆ ತೇವ ತರುತ್ತದೆ.

ನಿಮ್ಮ ಅಣ್ಣನವರ ವಿಷಯಕ್ಕೆ ಬರುತ್ತೇನೆ. ವಿಕಿರಣವು ಕ್ಯಾನ್ಸರ್ ಗಡ್ಡೆಯ ಜೊತೆಗೆ ದಾರಿಯಲ್ಲಿರುವ ಲಾಲಾಗ್ರಂಥಿಗಳನ್ನೂ ಸುಡುತ್ತದೆ. ಕಿವಿಯ ಮುಂದಿನ ಗ್ರಂಥಿಗೆ ಸರಾಸರಿ 25–26 ಗ್ರೇ (ವಿಕಿರಣದ ಅಳತೆಮಾನ) ಪ್ರಮಾಣ ದಾಟಿದರೆ ಅದರ ಚೇತರಿಕೆ ಕಷ್ಟ. ಬಾಯಿಯ ಕ್ಯಾನ್ಸರಿಗೆ ಕೊಡುವ ಒಟ್ಟು ಪ್ರಮಾಣ ಸಾಮಾನ್ಯವಾಗಿ 60 ಗ್ರೇ ಅಥವಾ ಅದಕ್ಕೂ ಹೆಚ್ಚು. ಎರಡು ವರ್ಷವಾದ ಮೇಲೂ ಬಾಯಿ ಆರುತ್ತಿದ್ದರೆ ಉಳಿದಿರುವ ಗ್ರಂಥಿಯ ಅಂಶ ಕಡಿಮೆ ಎಂದೇ ತಿಳಿಯಬೇಕು. ಶುಂಠಿ, ನಿಂಬೆ, ಖಾರದ ಮೂಲಿಕೆಗಳು ಅವರಿಗೆ ಉರಿಯನ್ನಷ್ಟೇ ಕೊಡುತ್ತವೆ. ಅಗಸಿಯ ಲೋಳೆ, ಸಬ್ಜಾ, ಸವರುವ ಎಣ್ಣೆ ಅವರಿಗೆ ನಡೆಯುತ್ತವೆ.

ಅವರಿಗೆ ಕೊಡಬಹುದಾದ ಇನ್ನೊಂದು ಸಸ್ಯಮೂಲದ ಔಷಧವಿದೆ, ಅದು ಗುಳಿಗೆಯ ರೂಪದಲ್ಲಿದೆ. ಬ್ರೆಜಿಲ್ಲಿನ ಜನ ಬೆವರಿಸಲು ಬಳಸುತ್ತಿದ್ದ ಜಬೊರಾಂಡಿ ಎಂಬ ಗಿಡದ ಎಲೆಯನ್ನು 1870ರ ದಶಕದಲ್ಲಿ ಅಲ್ಲಿನ ವೈದ್ಯರೊಬ್ಬರು ಪ್ಯಾರಿಸ್ಸಿಗೆ ಒಯ್ದರು; 1875ರಲ್ಲಿ ಅದರಿಂದ ಪೈಲೋಕಾರ್ಪಿನ್ ಅನ್ನು ಬೇರ್ಪಡಿಸಲಾಯಿತು. ವಿಕಿರಣದಿಂದ ಬಾಯಿ ಆರಿದವರಿಗೆ ಇದರ ಗುಳಿಗೆಯನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1994ರಲ್ಲಿ ಒಪ್ಪಿಗೆ ಕೊಟ್ಟಿತು. ಸಾಮಾನ್ಯ ಪ್ರಮಾಣ 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಉಳಿದ ಗ್ರಂಥಿಯಿಂದ ರಸ ಬರಿಸುವುದರ ಜೊತೆಗೆ ಬೆವರು, ಪದೇ ಪದೇ ಮೂತ್ರ, ಕೆಲವರಿಗೆ ಹೊಟ್ಟೆ ತೊಳಸುವಿಕೆ ಬರುತ್ತವೆ. ಹತೋಟಿಯಲ್ಲಿಲ್ಲದ ದಮ್ಮು ಇರುವವರಿಗೆ, ಕಣ್ಣಿನ ಕೋನ ಮುಚ್ಚುವ ಬಗೆಯ ಗ್ಲುಕೋಮಾ ಇರುವವರಿಗೆ ಕೊಡಬಾರದು. ಗ್ರಂಥಿ ಪೂರ್ತಿ ಹೋಗಿದ್ದರೆ ಇದೂ ಫಲಿಸುವುದಿಲ್ಲ, ಹಾಗಾಗಿ ಕೆಲವು ವಾರ ನೋಡಿ ಮುಂದುವರಿಸುವುದನ್ನು ವೈದ್ಯರು ನಿರ್ಧರಿಸುತ್ತಾರೆ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿರುವುದರಿಂದ ಇದನ್ನು ಕೇಳಲು ಬೆಂಗಳೂರಿಗೆ ಹೋಗಬೇಕಿಲ್ಲ. ಒಂದು ಮಾತು ಮರೆಯಬೇಡಿ: ವಿಕಿರಣ ಪಡೆದ ದವಡೆಯಲ್ಲಿ ಹಲ್ಲು ಕೀಳಿಸಿದರೆ ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯವಿದೆ, ಅದು ವರ್ಷಗಳ ನಂತರವೂ ಇರುತ್ತದೆ. ಯಾವ ದಂತ ವೈದ್ಯರ ಬಳಿ ಹೋದರೂ ಕರೆಂಟ್ ಕೊಡಿಸಿದ್ದನ್ನು ಮೊದಲೇ ಹೇಳಲಿ.

ಇಬ್ಬರಿಗೂ ಹಲ್ಲಿನ ರಕ್ಷಣೆ ಮುಖ್ಯ. ಬಾಯಿ ಆರಿದವರಲ್ಲಿ ವಸಡಿನ ಅಂಚಿನಲ್ಲಿ ಹುಳುಕು ಬಹುಬೇಗ ಹಬ್ಬುತ್ತದೆ. ದಿನಕ್ಕೆ ಎರಡು ಬಾರಿ ಫ್ಲೋರೈಡ್ ಇರುವ ಪೇಸ್ಟಿನಿಂದಲೇ ಉಜ್ಜಬೇಕು. ಗಿಡಮೂಲಿಕೆ ಪೇಸ್ಟುಗಳಲ್ಲಿ ಅನೇಕವು ಫ್ಲೋರೈಡ್ ರಹಿತ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಮತ್ತೇಕೆ ಪೇಸ್ಟಿನಲ್ಲಿ ಎಂದು ಕೆಲವರು ಕೇಳುತ್ತಾರೆ. ಹೆಚ್ಚು ಫ್ಲೋರೈಡಿನ ನೀರು ಹಾನಿ ಮಾಡುವುದು ನುಂಗಿದಾಗ, ಹಲ್ಲು ಮೂಳೆ ಬೆಳೆಯುವ ಕಾಲದಿಂದ. ಪೇಸ್ಟು ಕೆಲಸ ಮಾಡುವುದು ಹಲ್ಲಿನ ಹೊರಮೈ ಮೇಲೆ, ಉಗುಳುವುದರಿಂದ ಅದರ ಲೆಕ್ಕ ಬೇರೆ.

ಅತ್ತೆಯವರ ಬಾಯಲ್ಲಿ ಒರೆಸಿದರೆ ಹೋಗುವ ಬಿಳಿ ಪದರ, ತುಟಿಯ ಮೂಲೆಯಲ್ಲಿ ಬಿರುಕು, ಕೆಂಪಾದ ನಾಲಿಗೆ ಕಂಡರೆ ಅದು ಶಿಲೀಂಧ್ರದ ಸೋಂಕು. ಸಕ್ಕರೆ ಕಾಯಿಲೆಯವರಲ್ಲಿ ಇದು ಸಾಮಾನ್ಯ, ಇದಕ್ಕೆ ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್ ಬೇಕು, ಕಷಾಯವಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು ಶುಚಿ ಮಾಡಿ ನೀರಿನಲ್ಲಿಡಬೇಕು. ಬಾಯಿಯ ಜೊತೆಗೆ ಕಣ್ಣಲ್ಲೂ ಮರಳು ಬಿದ್ದಂತಾಗುವುದು, ಕೈಬೆರಳ ಕೀಲುನೋವು, ಕಿವಿಯ ಮುಂದೆ ಮತ್ತೆ ಮತ್ತೆ ಬಾವು ಇವು ಕೂಡಿದ್ದರೆ ಷೋಗ್ರೆನ್ ಕಾಯಿಲೆಯ ಶಂಕೆ ಪಡಬೇಕಾಗುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಗಳ ಮೇಲೆ ತಿರುಗಿಬೀಳುವ ಈ ಕಾಯಿಲೆ ನಡುವಯಸ್ಸು ದಾಟಿದ ಹೆಂಗಸರಲ್ಲೇ ಹೆಚ್ಚು, ಇದನ್ನು ರಕ್ತಪರೀಕ್ಷೆ ಮತ್ತು ತುಟಿಯ ಒಳಗಿನ ಸಣ್ಣ ಗ್ರಂಥಿಯ ತುಣುಕಿನ ಪರೀಕ್ಷೆಯಿಂದ ಗುರುತಿಸುತ್ತಾರೆ. ಸಕ್ಕರೆ ಹತೋಟಿಗೆ ಬಂದು, ಗುಳಿಗೆಗಳನ್ನು ಬದಲಿಸಿ, ಅಗಸಿಯ ಲೋಳೆಯನ್ನು ಒಂದು ತಿಂಗಳು ಬಳಸಿದ ಮೇಲೂ ರೊಟ್ಟಿ ಇಳಿಯದಿದ್ದರೆ ಕಲಬುರಗಿಯ ದಂತ ವೈದ್ಯಕೀಯ ಕಾಲೇಜುಗಳ ಬಾಯಿರೋಗ ವಿಭಾಗದಲ್ಲಿ ತೋರಿಸಿ. ಲಾಲಾರಸವನ್ನು ಅಳತೆ ಬಟ್ಟಲಿನಲ್ಲಿ ಹಿಡಿದು ನಿಮಿಷಕ್ಕೆ ಎಷ್ಟು ಬರುತ್ತದೆಂದು ಅಲ್ಲಿ ನೋಡಬಲ್ಲರು. ಸುಮ್ಮನೆ ಕುಳಿತಾಗ ನಿಮಿಷಕ್ಕೆ 0.1 ಮಿಲಿಲೀಟರಿಗಿಂತ ಕಡಿಮೆ ಬಂದರೆ ಗ್ರಂಥಿಯೇ ಸೋತಿದೆ ಎಂದರ್ಥ, ಮುಂದಿನ ಚಿಕಿತ್ಸೆ ಆ ಅಳತೆಯ ಮೇಲೆ ನಿಲ್ಲುತ್ತದೆ.